ಮೂರನೇ ಟ್ಯೂಬು

ಎಡರೆಕ್ಕೆ ಎತ್ತಿತು, ಎತ್ತಿದ್ದನ್ನು ಅಡ್ಡಕ್ಕೆ ಚಾಚಿತು, ಈಗ ಅದುರಿಸುತ್ತಿದೆ, ಬರೆದುಕೊಳ್ಳಬೇಕು, ಹತ್ತು ಗಂಟೆ ನಾಲ್ಕು ನಿಮಿಷ, ಏಳನೇ ಗುಂಡಿ, ಗಂಡು ಹಾಡಲು ಶುರುಮಾಡಿದೆ — ಹೆಣ್ಣು ಮಾತ್ರ ಅತ್ತ ತಿರುಗಿ ಮುಂಗಾಲು ಉಜ್ಜಿಕೊಳ್ಳುತ್ತ ನಿಂತಿದೆ, ಕೇಳಿಸಿದರೂ ಕೇಳಿಸದವಳ ಹಾಗೆ, ಎಳ್ಳುಕಾಳಿನಷ್ಟು ಜೀವಕ್ಕೆ ಬಿಂಕ ಎಷ್ಟು ನೋಡು, ನನಗಂತೂ ಏನೂ ಕೇಳಿಸುತ್ತಿಲ್ಲ, ನೊಣದಮ್ಮ ನಿನ್ನೆಯೇ ಹೇಳಿದ್ದಾರೆ, ಆ ಹಾಡು ನಮ್ಮ ಕಿವಿಗಲ್ಲಮ್ಮ, ರೆಕ್ಕೆ ನೋಡ್ಕೊಂಡು ಟೈಮ್ ಬರ್ಕೊಳ್ಳಿ ಸಾಕು, ಹತ್ತಿರ ಬಗ್ಗಿ ನಗಬೇಡಿ ಮಾತ್ರ, ಉಸಿರು ತಾಗಿ ಗಾಜು ಮಂಜಾಗತ್ತೆ. ನೊಣದಮ್ಮ ಎಂದರೆ ಈ ಕೋಣೆಯ ಯಜಮಾನಿ, ಇಪ್ಪತ್ತೆರಡು ವರ್ಷದಿಂದ ಹಣ್ಣುನೊಣಗಳ ಮದುವೆ ನೋಡುತ್ತಿರುವ ವಿಜ್ಞಾನಿ, ತಾವು ಮಾತ್ರ ಮದುವೆಯಾಗಲಿಲ್ಲ, ಇಷ್ಟೆಲ್ಲ ನೋಡಿದ್ಮೇಲೆ ಯಾರಿಗ್ರೀ ಬೇಕು ಅದು ಎನ್ನುತ್ತಾರೆ, ಆದರೂ ಜೋಡಿ ಕೂಡಿದಾಗಲೆಲ್ಲ ಅವರ ಮುಖ ನೋಡಬೇಕು, ಹೆಣ್ಣು ಕೊಟ್ಟ ಮನೆಯವರ ಮುಖ. ಗಾಜಿನ ಮುಚ್ಚಳದ ಕೆಳಗೆ ಇಪ್ಪತ್ತು ಗುಂಡಿ, ಗುಂಡಿಗೊಂದು ಜೋಡಿ, ಗಂಡುಗಳಲ್ಲಿ ಅರ್ಧ ಎಳೆಯವು, ಅರ್ಧ ವಯಸ್ಸಾದವು, ವಯಸ್ಸಾದದ್ದನ್ನು ಹೆಣ್ಣು ಒಪ್ಪಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎನ್ನುವುದು ಇವರ ಪ್ರಶ್ನೆ, ಯಾವುದು ಎಳೆಯದು ಯಾವುದು ಹಳೆಯದು ಎಂದು ನನಗೆ ಹೇಳಿಲ್ಲ, ಹೇಳಬಾರದು, ಗೊತ್ತಿದ್ದರೆ ಕಣ್ಣು ಮೋಸ ಮಾಡುತ್ತದೆ, ಅದು ಈ ಕೋಣೆಯಲ್ಲೂ ಹಾಗೇ ಆ ಕೋಣೆಯಲ್ಲೂ ಹಾಗೇ — ಆ ಕೋಣೆ ಬೇಡ ಈಗ. ಏಳನೇ ಗುಂಡಿಯದು ಹಳೆಯ ಗಂಡೇ ಇರಬೇಕು, ಅಷ್ಟು ತಾಳ್ಮೆ, ಹಾಡುತ್ತದೆ, ನಿಲ್ಲಿಸುತ್ತದೆ, ಸುತ್ತು ಹಾಕಿ ಬಂದು ಮತ್ತೆ ಅದೇ ರೆಕ್ಕೆ, ಥೇಟ್ ನಮ್ಮ ಭಾವ. ಅಕ್ಕ ಆಗಷ್ಟೇ ಸಿಟಿ ಬಸ್ ಓಡಿಸಲು ಶುರುಮಾಡಿದ್ದಳು, ಭಾವ ಬೋರ್ಡು ಬರೆಯುವ ಪೇಂಟರು, ಬೆಳಗಿನ ಮೊದಲ ಸ್ಟಾಪಿನಲ್ಲಿ ಹತ್ತಿ ಡ್ರೈವರ್ ಸೀಟಿನ ಹಿಂದೆ ಕಂಬ ಹಿಡಿದು ನಿಂತು ಕೊನೆಯ ಸ್ಟಾಪಿನ ತನಕ ಶಿಳ್ಳೆ ಹಾಕುತ್ತಿದ್ದರಂತೆ, ಶ್ರುತಿಯೂ ಇಲ್ಲ ತಾಳವೂ ಇಲ್ಲ, ಅದೇ ಬಸ್ಸಿನಲ್ಲಿ ವಾಪಸ್ಸು, ನಾಲ್ಕು ತಿಂಗಳು, ಒಂದು ದಿನ ಅಕ್ಕ ತಿರುಗದೆ ಕನ್ನಡಿಯಲ್ಲೇ ನೋಡಿ ಕೇಳಿದಳು, ರೀ, ದಿನಾ ಎಲ್ಲಿಗೆ ಹೋಗ್ತೀರಿ ನೀವು, ಎಲ್ಲಿಗೂ ಇಲ್ಲ ಅಂದರು ಭಾವ, ಹಾಗಾದ್ರೆ ಕೂತ್ಕೊಂಡು ಹೋಗಿ, ನಿಂತ್ರೆ ನನ್ನ ಕನ್ನಡಿಗೆ ಅಡ್ಡ ಆಗತ್ತೆ ಅಂದಳು ಅಕ್ಕ. ಅಷ್ಟೇ ಅವರ ಪ್ರೇಮಪ್ರಕರಣ. ಆಮೇಲೆ ಮದುವೆ.

ಹತ್ತು ಒಂಬತ್ತು, ಹನ್ನೆರಡನೇ ಗುಂಡಿಯಲ್ಲಿ ಹೆಣ್ಣು ಒದ್ದಳು, ಒದೆತ ಒಂದು ಎಂದು ಬರೆದೆ, ಬರೆದು ಬಾಗಿಲ ಕಡೆ ನೋಡಿದೆ, ನೋಡಬಾರದು ಎಂದುಕೊಂಡೇ ನೋಡಿದೆ, ಓಣಿಯಲ್ಲಿ ಮೂರು ಬಾಗಿಲು ದಾಟಿದರೆ ಅದು, ನಾನು ಒಂಬತ್ತು ವರ್ಷದಿಂದ ಕೂತ ಕುರ್ಚಿ ಇರುವ ಕೋಣೆ. ನಾನು ನೊಣದವಳಲ್ಲ, ನಾನು ರಕ್ತದವಳು, ಜನರ ರಕ್ತದೊಳಗಿನ ಕಾವಲು ಕೋಶಗಳನ್ನು ಬೇರ್ಪಡಿಸಿ ತೊಂಬತ್ತಾರು ಗುಂಡಿಗಳ ತಟ್ಟೆಯಲ್ಲಿ ಹಾಕಿ, ಕ್ಯಾನ್ಸರಿನ ಚೂರೊಂದನ್ನು ತೋರಿಸಿ, ಇವನನ್ನು ಗುರುತು ಹಿಡಿಯುತ್ತೀಯಾ ಎಂದು ಕೇಳುವವಳು, ಗುರುತು ಹಿಡಿದ ಕೋಶ ಕೂತ ಜಾಗದಲ್ಲೇ ಒಂದು ನೀಲಿ ಚುಕ್ಕಿ ಬಿಡುತ್ತದೆ, ಎರಡು ದಿನ ಬಿಟ್ಟು ಆ ಚುಕ್ಕಿಗಳನ್ನು ಎಣಿಸುವುದು ನನ್ನ ಕೆಲಸ, ಅಕ್ಕನಿಗೆ ಹೀಗೆ ವಿವರಿಸಿದಾಗ ಅಂದಳು, ಅಯ್ಯೋ ಇಷ್ಟೇನಾ, ರಂಗೋಲಿ ಚುಕ್ಕಿ ಎಣ್ಸೋಕೆ ಅಷ್ಟೊಂದು ಓದಿದ್ಯಾ ಪುಟ್ಟಿ. ಆಗ ಅವಳ ಕಿಡ್ನಿಯಲ್ಲಿ ಗೆಡ್ಡೆ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿ, ಆ ಕಿಡ್ನಿಯನ್ನೇ ತೆಗೆದು ಹಾಕಿದರು, ವಾರ್ಡಿನಲ್ಲಿ ಕಣ್ಣು ಬಿಟ್ಟವಳು ಮೊದಲು ಆಡಿದ ಮಾತು, ಇನ್ಮೇಲೆ ಗಾಡಿ ಓಡೋದು ಸ್ಟೆಪ್ನಿ ಮೇಲೇನೇ, ಭಾವ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದರು, ಅಕ್ಕ ಅವರನ್ನೇ ನೋಡಿ, ಇವರಿಗೆ ಮುಖ ತೊಳ್ಯೋಕೆ ಇಷ್ಟು ಹೊತ್ತು ಯಾವತ್ತಿಂದ ಬೇಕಾಯ್ತು ಅಂದಳು. ಗೆಡ್ಡೆ ಮತ್ತೆ ಬರಬಹುದು ಎಂದರು ಡಾಕ್ಟರು, ಒಂದು ಪ್ರಯೋಗ ನಡೀತಿದೆ, ತೆಗೆದ ಗೆಡ್ಡೆಯಿಂದಲೇ ಗುರುತುಗಳನ್ನ ಹೆಕ್ಕಿ ಅವರವರಿಗೇ ಬೇರೆಬೇರೆ ಲಸಿಕೆ ಮಾಡ್ತಾರೆ, ಅರ್ಧ ಜನಕ್ಕೆ ನಿಜವಾದ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಯಾರಿಗೂ ಹೇಳಲ್ಲ, ಸೇರ್ತೀರಾ — ಅದು ನಮ್ಮದೇ ಪ್ರಯೋಗ, ಆ ತಟ್ಟೆಯ ವಿಧಾನವನ್ನು ಎರಡು ವರ್ಷ ಕೂತು ಕಟ್ಟಿದವಳು ನಾನು, ಅಕ್ಕ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ, ಸೇರ್ತೀನಿ ಅಂದಳು ಅವಳೇ. ನಾನು ಮರುದಿನವೇ ಹೋಗಿ ದೊಡ್ಡಕೋಟಿಗೆ ಹೇಳಿದೆ, ದೊಡ್ಡಕೋಟು ನಮ್ಮ ಮುಖ್ಯಸ್ಥರು, ಕುಳ್ಳಗಿನ ಮನುಷ್ಯ, ಬಿಳಿ ಕೋಟು ಕಣಕಾಲು ಮುಟ್ಟುತ್ತದೆ, ಅವರು ಯೋಚಿಸಿ ಅಂದರು, ಟ್ಯೂಬ್ ಮೇಲೆ ಹೆಸರಿರಲ್ಲ, ಪ್ರತಿಸಲವೂ ಹೊಸ ನಂಬರು, ನಿಮ್ಮಕ್ಕಂದು ಯಾವುದು ಅಂತ ನಿಮಗೆ ಗೊತ್ತಾಗೋ ದಾರೀನೇ ಇಲ್ಲ, ಅಕಸ್ಮಾತ್ ಗೊತ್ತಾದ್ರೆ ಅವತ್ತೇ ನನಗೆ ಹೇಳ್ಬೇಕು. ಹೇಳ್ತೀನಿ ಸಾರ್ ಅಂದೆ. ನಾಲ್ಕು ತಿಂಗಳು ಏನೂ ಗೊತ್ತಾಗಲಿಲ್ಲ, ಗೊತ್ತಾಗದ್ದೇ ನೆಮ್ಮದಿ, ಅಕ್ಕ ಮಾತ್ರ ವಾರಕ್ಕೊಂದು ಪತ್ತೇದಾರಿಕೆ ಮಾಡುತ್ತಿದ್ದಳು, ನಂಗೆ ಉಪ್ಪುನೀರೇ ಕಣೇ, ಅದಕ್ಕೇ ಇಷ್ಟು ಬಾಯಾರಿಕೆ, ಇನ್ನೊಂದು ವಾರ, ಇಲ್ಲ ಇಲ್ಲ ಲಸಿಕೇನೇ, ನಿನ್ನೆ ನಿಮ್ಮ ಭಾವನ ಮೇಲೆ ಸುಮ್‌ಸುಮ್ನೆ ಸಿಟ್ಟು ಬಂತು, ಮೈಯಲ್ಲಿ ಏನೋ ಫೈಟಿಂಗ್ ನಡೀತಿದೆ.

ಮಂಗಳವಾರ ಆಸ್ಪತ್ರೆಯಿಂದ ಐದು ಟ್ಯೂಬು ಬಂತು. ಅವತ್ತು ಅಕ್ಕನ ಸರದಿಯೂ ಇದೆಯೆಂದು ಗೊತ್ತಿತ್ತು, ಹಿಂದಿನ ಸಲವೂ ಗೊತ್ತಿತ್ತು, ಐದರಲ್ಲಿ ಒಂದು ಅವಳದು, ಯಾವುದೋ ಒಂದು, ಆ ಯಾವುದೋ ಎನ್ನುವುದರ ಹಿಂದೆ ನಾನು ಬಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದೆ, ಯಂತ್ರಕ್ಕೆ ಹಾಕಿ ಗಿರ್ರನೆ ತಿರುಗಿಸಿ ತೆಗೆದೆ, ಕೆಂಪು ಕೆಳಗೆ ಕೂತಿತು, ಮೇಲೆ ತಿಳಿ, ಒಂದನೇದು ಒಣಹುಲ್ಲಿನ ಬಣ್ಣ, ಎರಡನೇದು ಒಣಹುಲ್ಲಿನ ಬಣ್ಣ, ಮೂರನೇದು ಹಾಲು — ಹಾಲಿನ ಹಾಗೆ ಬೆಳ್ಳಗೆ, ಟ್ಯೂಬಿನ ಆಚೆ ಇಟ್ಟ ಬೆರಳು ಕಾಣದಷ್ಟು, ನಾಲ್ಕು ಐದು ಮತ್ತೆ ಹುಲ್ಲು. ಹೊಟ್ಟೆ ತುಂಬ ಜಿಡ್ಡು ತಿಂದು ಬಂದವರ ರಕ್ತ ಹಾಗಾಗುತ್ತದೆ, ಉಳಿದ ಪರೀಕ್ಷೆಗಳಿಗಾಗಿ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಎಲ್ಲರಿಗೂ ಹೇಳಿರುತ್ತಾರೆ, ಎಲ್ಲರೂ ಕೇಳುತ್ತಾರೆ, ನಾಲ್ಕು ತಿಂಗಳಲ್ಲಿ ಒಬ್ಬರೂ ತಿಂದು ಬಂದಿರಲಿಲ್ಲ, ನನಗೆ ನಗು ಬಂತು, ಹಸಿವು ತಡೆಯಲಾರದವರು ಆ ಪಟ್ಟಿಯಲ್ಲಿ ಯಾರಿದ್ದಾರೆ ಎಂದರೆ ಒಬ್ಬಳೇ, ಎರಡೂ ಕೊನೆಯ ಸ್ಟಾಪುಗಳಲ್ಲಿ ಒಂದೊಂದು ಡಬ್ಬಿ ಬಿಚ್ಚುವವಳು, ಸಿಗ್ನಲ್ ಕೆಂಪಾದರೆ ಜೇಬಿಗೆ ಕೈ ಹಾಕುವವಳು, ಕಳ್ಳಿ, ಸಿಕ್ಕಿಬಿದ್ಯಾ ಎಂದು ಟ್ಯೂಬಿಗೇ ಅಂದೆ. ಗೊತ್ತಾಗಿಹೋಯಿತು. ಬೇರೆ ಯಾರದೂ ಇರಬಹುದಲ್ಲ, ಇರಬಹುದು, ನಾಲ್ಕು ಜನರ ಹಸಿವಿನ ಬಗ್ಗೆ ನಿನಗೇನು ಗೊತ್ತು, ಗೊತ್ತಿಲ್ಲ, ಹಾಗಾದರೆ ಸುಮ್ಮನಿರು, ಸುಮ್ಮನಿದ್ದರೆ ಗುರುವಾರ ತಟ್ಟೆ ಓದುವವಳು ನಾನೇ, ಚುಕ್ಕಿ ಇದ್ದರೆ ಲಸಿಕೆ, ಇಲ್ಲದಿದ್ದರೆ ಉಪ್ಪುನೀರು, ಒಂದು ನೋಟ, ಯಾರಿಗೂ ಹೇಳಬೇಕಿಲ್ಲ, ಅಕ್ಕನಿಗೂ ಬೇಡ, ನಾನೊಬ್ಬಳು ತಿಳಿದುಕೊಂಡು ನಿದ್ದೆ ಮಾಡುತ್ತೇನೆ, ಎಷ್ಟು ದಿನ ಆಯಿತು ನಿದ್ದೆ ಮಾಡಿ — ಕೈಯಲ್ಲಿ ಟ್ಯೂಬು, ಆಗಲೂ ಬೆಚ್ಚಗೇ ಇದ್ದ ಹಾಗೆ ಅನ್ನಿಸಿತು, ಇರಲಾರದು, ರಕ್ತ ತೆಗೆದು ಗಂಟೆಯ ಮೇಲಾಗಿತ್ತು. ಚುಕ್ಕಿಗಳನ್ನು ಯಂತ್ರ ಎಣಿಸುತ್ತದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ, ಪೂರ್ತಿ ನಿಜವಲ್ಲ, ಅರೆಬರೆ ನೀಲಿಯ ಒಂದಷ್ಟು ಉಳಿಯುತ್ತವೆ, ಇದು ಚುಕ್ಕಿಯೋ ಧೂಳೋ ಎಂದು ಯಂತ್ರ ಕೇಳುತ್ತದೆ, ಅಲ್ಲಿ ಹೇಳಬೇಕಾದದ್ದು ನನ್ನ ಕಣ್ಣು, ಒಂಬತ್ತು ವರ್ಷದಲ್ಲಿ ಆ ಕಣ್ಣಿನ ಬಗ್ಗೆ ಯಾರೂ ಬೆರಳು ತೋರಿಸಿಲ್ಲ, ಆದರೆ ಅಕ್ಕನ ಗುಂಡಿ ಎಂದು ಗೊತ್ತಿದ್ದು ಕೂತರೆ, ಅಯ್ಯೋ, ನನಗೆ ನಾನು ಗೊತ್ತಿಲ್ಲವೇ, ಧೂಳನ್ನೆಲ್ಲ ಚುಕ್ಕಿ ಎಂದು ಎಣಿಸುತ್ತೇನೆ, ಕಣ್ಣೀರು ಬಿದ್ದರೆ ಅದನ್ನೂ ಚುಕ್ಕಿ ಎನ್ನುತ್ತೇನೆ, ಇಲ್ಲವೇ ಅದಕ್ಕೆ ಹೆದರಿ ನಿಜವಾದ ಚುಕ್ಕಿಯನ್ನೇ ಧೂಳು ಎನ್ನುತ್ತೇನೆ, ಎರಡೂ ಕೆಟ್ಟದ್ದೇ, ಆ ಪಟ್ಟಿಯಲ್ಲಿ ನೂರಾರು ಜನರ ಅಕ್ಕಂದಿರಿದ್ದಾರೆ. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಇಟ್ಟೆ, ಗ್ಲೌಸು ತೆಗೆದೆ, ಓಣಿಯಲ್ಲಿ ನಡೆದೆ, ಹತ್ತು ನಿಮಿಷವೂ ಆಗಿರಲಿಲ್ಲ, ದೊಡ್ಡಕೋಟು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು, ಅಂದರು, ಈ ಪ್ರಯೋಗ ಮುಗಿಯೋ ತನಕ ನೀವು ಆ ಕೋಣೆಗೆ ಕಾಲಿಡೋ ಹಾಗಿಲ್ಲ ಕಣಮ್ಮ, ಮುಗಿಯೋದು ಅಂದ್ರೆ ಎರಡು ವರ್ಷ, ಗೊತ್ತಲ್ಲ. ಗೊತ್ತು ಸಾರ್. ಆಸ್ಪತ್ರೆಗೂ ತಿಳಿಸ್ಬೇಕಾಗತ್ತೆ, ತಿಂದ್ಕೊಂಡು ಬಂದಿದ್ದಾರೆ ಅಂತ, ಅವರನ್ನ ಇಟ್ಕೋತಾರೋ ಬಿಡ್ತಾರೋ ಅದು ಆ ಡಾಕ್ಟರ ತೀರ್ಮಾನ. ಇದನ್ನು ನಾನು ಯೋಚಿಸಿರಲಿಲ್ಲ. ಇದೊಂದನ್ನು ಯೋಚಿಸಿರಲಿಲ್ಲ. ನನ್ನ ಕುರ್ಚಿ ಹೋಗುತ್ತದೆ ಎಂದಷ್ಟೇ ಲೆಕ್ಕ ಹಾಕಿ ಬಂದಿದ್ದೆ, ಅವಳ ಜಾಗವೂ ಹೋಗಬಹುದು ಎಂದು ಹೊಳೆದಿರಲಿಲ್ಲ, ಬಾಗಿಲ ಹಿಡಿ ಹಿಡಿದು ನಿಂತೆ, ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳಲು ಬರುತ್ತದೆಯೇ, ಬರುವುದಿಲ್ಲ, ಅವರೇ ಎದ್ದು ಬಂದು ಬಾಗಿಲು ತೆಗೆದರು, ನೊಣದಮ್ಮ ಸಹಾಯಕ್ಕೆ ಒಬ್ಬರು ಬೇಕು ಅಂತ ವಾರದಿಂದ ತಲೆ ತಿಂತಿದ್ದಾರೆ, ನಾಳೆಯಿಂದ ಅಲ್ಲಿಗೆ ಹೋಗಿ.

ಹತ್ತು ಇಪ್ಪತ್ತೊಂದು. ಏಳನೇ ಗುಂಡಿಯಲ್ಲಿ ಹೆಣ್ಣು ನಡೆಯುವುದನ್ನು ನಿಲ್ಲಿಸಿದಳು, ಸುಮ್ಮನೆ ನಿಂತಳು, ಆ ನಿಲ್ಲುವುದೇ ಒಪ್ಪಿಗೆಯಂತೆ, ಗಂಡಿಗೆ ನಂಬಿಕೆ ಬರಲಿಲ್ಲವೇನೋ, ಇನ್ನೊಂದು ಸಲ ರೆಕ್ಕೆ ಚಾಚಿ ಹಾಡಿ ಆಮೇಲೆ ಹತ್ತಿತು, ನೊಣದಮ್ಮಾ ಏಳನೇದು ಕೂಡಿತು ಎಂದೆ, ಅವರು ಆ ತುದಿಯಿಂದಲೇ ಅಂದರು, ಸದ್ಯ, ಪಾಪ, ಆ ಮುದುಕನ ಮೇಲೆ ನಂಗೆ ಆಸೇನೇ ಇರ್ಲಿಲ್ಲ, ಅಂದವರೇ ನಾಲಿಗೆ ಕಚ್ಚಿಕೊಂಡರು, ನೀವು ಕೇಳಿಸ್ಕೊಳ್ಲಿಲ್ಲ ಆಯ್ತಾ. ಕೇಳಿಸಿಕೊಳ್ಳಲಿಲ್ಲ ಎಂದೆ. ಈ ಕೋಣೆ ಮಾಗಿದ ಹಣ್ಣಿನ ವಾಸನೆ, ಸೀಸೆಗಳ ಬಾಯಿಗೆ ಹತ್ತಿ, ಬೆಚ್ಚಗಿದೆ, ನನ್ನ ಕೋಣೆ ಸ್ಪಿರಿಟ್ಟಿನ ವಾಸನೆ, ತಣ್ಣಗೆ, ಅಲ್ಲಿ ಈ ಹೊತ್ತಿಗೆ ಗೊಣಗಪ್ಪ ನನ್ನ ಕುರ್ಚಿಯ ಎತ್ತರ ಬದಲಾಯಿಸಿ ಕೂತಿರುತ್ತಾನೆ, ನನ್ನ ಜೊತೆಯೇ ಕೆಲಸಕ್ಕೆ ಸೇರಿದವನು, ಒಂಬತ್ತು ವರ್ಷದಲ್ಲಿ ಅವನು ಗೊಣಗದ ದಿನವಿಲ್ಲ, ಫ್ಯಾನು ಜೋರು ಅಂತ, ಫ್ಯಾನು ನಿಧಾನ ಅಂತ, ಇವತ್ತು ಗುರುವಾರ, ತಟ್ಟೆ ಒಣಗಿರುತ್ತದೆ, ಓದುವ ಯಂತ್ರ ಗುಂಡಿಗೊಂದು ಟಕ್ ಎನ್ನುತ್ತದೆ, ತೊಂಬತ್ತಾರು ಟಕ್ಕು, ಇಲ್ಲಿಗೆ ಕೇಳಿಸುವುದಿಲ್ಲ, ಆದರೂ ಎಣಿಸುತ್ತಿದ್ದೇನೆ, ಹೆಣ್ಣುನೊಣಕ್ಕೆ ರೆಕ್ಕೆ ಕೇಳಿಸುವ ಹಾಗೆ ನನಗೆ ಆ ಟಕ್ಕು. ಮೂರನೇ ಟ್ಯೂಬಿನ ಕೋಶಗಳೇನಾದವೋ, ಆ ಹಾಲಿನಂಥ ತಿಳಿಯಿಂದ ಬೇರ್ಪಡಿಸಿ ತೊಳೆದರೆ ಏನೂ ಆಗುವುದಿಲ್ಲ, ನಾನೇ ಅವನಿಗೆ ಕಲಿಸಿದ್ದು, ಎರಡು ಸಲ ತೊಳಿ ಮಾರಾಯ ಅಂತ, ಮೂರು ಸಲ ತೊಳೀತೀನಿ, ನನ್ನ ನೀರು ನನ್ನ ಇಷ್ಟ ಅಂದಿದ್ದ. ಬಾಗಿಲ ಗಾಜಿನಲ್ಲಿ ನೆರಳು, ಅವನೇ, ತಲೆ ಒಳಗೆ ಹಾಕಿದ, ಮುಖ ಎಳೆದ ಶಟರಿನ ಹಾಗಿದೆ, ಗೊಣಗುತ್ತಲೂ ಇಲ್ಲ, ಓದಿ ಮುಗಿಸ್ದೆ ಅಂದ. ಅದಷ್ಟನ್ನು ಹೇಳಲು ಮೂರು ಬಾಗಿಲು ದಾಟಿ ಬಂದಿದ್ದಾನೆ. ನಾನು ಏನೂ ಕೇಳಬಾರದು, ಕೇಳಲಿಲ್ಲ, ಕೇಳಿದ್ದು ಇಷ್ಟೇ, ಧೂಳು ಜಾಸ್ತಿ ಇತ್ತಾ. ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ, ಧೂಳನ್ನ ಧೂಳು ಅಂತ್ಲೇ ಬರ್ದೆ, ಚುಕ್ಕೀನ ಚುಕ್ಕಿ ಅಂತ್ಲೇ ಬರ್ದೆ, ನೀವು ಕೂತಿದ್ರೆ ಹೇಗೆ ಬರೀತಿದ್ರೋ ಹಾಗೇ, ಯೋಚ್ನೆ ಮಾಡ್ಬೇಡಿ ಅಂದ, ಹೋದ, ಓಣಿಯಲ್ಲಿ ಅವನ ಚಪ್ಪಲಿ ಶಬ್ದ, ಆಮೇಲೆ ದೂರದಲ್ಲಿ ಗೊಣಗಾಟ ಶುರುವಾಯಿತು, ಈ ಓಣಿ ಲೈಟು ಯಾವಾಗ ಸರಿ ಮಾಡ್ತಾರೋ, ಆ ಗೊಣಗು ಕೇಳಿ ಎದೆ ಎಷ್ಟು ಹಗುರಾಯಿತೆಂದರೆ ಎದ್ದು ಹೋಗಿ ಅವನ ಬೆನ್ನು ತಟ್ಟಬೇಕು ಅನ್ನಿಸಿತು.

ಮೊಬೈಲು ಮೇಜಿನ ಮೇಲೆ ನಡುಗುತ್ತಿದೆ, ಅಕ್ಕ, ಎರಡು ದಿನದಿಂದ ನಾನೂ ಮಾಡಿರಲಿಲ್ಲ ಅವಳೂ ಮಾಡಿರಲಿಲ್ಲ, ನೊಣದಮ್ಮ ಕಣ್ಣಲ್ಲೇ ಹೋಗಿ ಎಂದರು, ನನ್ನ ಗಡಿಯಾರ ಅವರ ಕೈಗೆ ಹೋಯಿತು, ಓಣಿಯ ಕಿಟಕಿಯ ಹತ್ತಿರ ನಿಂತು ಹಲೋ ಎನ್ನುವ ಮೊದಲೇ ಅವಳ ದನಿ, ಪುಟ್ಟೀ, ನರ್ಸಮ್ಮ ಫೋನ್ ಮಾಡಿ ಚೆನ್ನಾಗಿ ಬೈದ್ಲು ಕಣೇ, ಡಾಕ್ಟ್ರಿಗೂ ಕೊಟ್ಲು, ಅವರೂ ಬೈದ್ರು. ಏನಂದ್ರು, ಬಿಡ್ತಾರಂತಾ ಇಟ್ಕೋತಾರಂತಾ, ಮೊದ್ಲು ಅದು ಹೇಳು ಅಂದೆ. ಇಟ್ಕೊಂಡಿದ್ದಾರೆ, ಇನ್ನೊಂದ್ಸಲ ಹೀಗೆ ಮಾಡಿದ್ರೆ ಹೊರಗೆ ಅಂದ್ರು, ಸರಿ ಡಾಕ್ಟ್ರೇ ಅಂದೆ. ನಾನು ಹಣೆಯನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡೆ, ತಣ್ಣಗಿತ್ತು, ಕೆಳಗೆ ಯಾರೋ ಸ್ಕೂಟರು ಒರೆಸುತ್ತಿದ್ದರು, ಇಟ್ಕೊಂಡಿದ್ದಾರೆ, ಇಟ್ಕೊಂಡಿದ್ದಾರೆ, ನೆಮ್ಮದಿ ಆದ ಮೇಲೆ ಸಿಟ್ಟು ಬರಲು ಜಾಗ ಆಯಿತು, ಬಂತು, ಅಲ್ಲ ಕಣೇ ಅಕ್ಕ, ಅರ್ಧ ದಿನ ಹೊಟ್ಟೆ ಕಟ್ಟೋಕೆ ಆಗಲ್ವಾ ನಿಂಗೆ, ಮಗೂನಾ ನೀನು, ನನ್ನ ಕೋಣೆ ಹೋಯ್ತು, ಎರಡು ವರ್ಷ ಒಳಗೆ ಹೋಗೋ ಹಾಗಿಲ್ಲ, ನೊಣ ಎಣಿಸ್ತಾ ಕೂತಿದ್ದೀನಿ ಇಲ್ಲಿ — ಅಕ್ಕ ಬೇರೆಯೇ ದನಿಯಲ್ಲಿ, ಹೆದರಿದ ಹಾಗೆ ಖುಷಿಯಾದ ಹಾಗೆ ಎರಡೂ ಕೂಡಿದ ದನಿಯಲ್ಲಿ ಕೇಳಿದಳು, ಹಾಗಾದ್ರೆ ನಿಂಗೆ ಗೊತ್ತಾಯ್ತಾ, ಅದು ನಾನೇ ಅಂತ ನಿಂಗೆ ಗೊತ್ತಾಯ್ತಾ ಪುಟ್ಟಿ. ಗೊತ್ತಾಗ್ದೆ ಏನು, ಹಾಲಿನ ಹಾಗಿತ್ತು. ನೀನೇ ಹೇಳಿದ್ಯಲ್ಲ ಹಿಂದೆ ಯಾವಾಗ್ಲೋ, ಜಿಡ್ಡು ತಿಂದ್ರೆ ರಕ್ತ ಬೆಳ್ಳಗಾಗತ್ತೆ, ನೋಡಿದ್ ಕೂಡ್ಲೇ ಗೊತ್ತಾಗತ್ತೆ ಅಂತ, ನಾನು ಮರೀಲಿಲ್ಲ, ಗೊತ್ತಾಗ್ಲಿ ಅಂತ್ಲೇ ತಿಂದೆ ಕಣೇ. ಏನು. ಗೊತ್ತಾಗ್ಲಿ ಅಂತ್ಲೇ. ಹಸಿವಾಗಿ ಅಲ್ಲ. ಅಲ್ಲಿ ಹೋದ್ರೆ ನಾನು ಬರೀ ನಂಬರು ಪುಟ್ಟಿ, ಬಾಗಿಲಲ್ಲಿ ಒಂದು ನಂಬರು, ಕುರ್ಚಿಗೆ ಒಂದು, ಟ್ಯೂಬಿಗೆ ಒಂದು, ಎಲ್ಲರೂ ಒಳ್ಳೆಯವರೇ, ಯಾರೂ ಹೆಸರು ಹಿಡಿದು ಕರೆಯಲ್ಲ, ಕರೀಬಾರ್ದಂತೆ, ರಕ್ತ ತೆಗೆದು ಪೆಟ್ಟಿಗೇಲಿ ಇಟ್ಟು ಮುಚ್ತಾರಲ್ಲ, ಆಗೆಲ್ಲ ಅನ್ಸತ್ತೆ, ಇದು ಹೋಗ್ತಿರೋದು ನಮ್ಮ ಪುಟ್ಟಿ ಕೈಗೇ, ಅವಳಿಗೆ ಮಾತ್ರ ಗೊತ್ತಿಲ್ಲ, ನನ್ನ ರಕ್ತ ಕೈಯಲ್ಲಿ ಹಿಡ್ಕೊಂಡು ಯಾರದ್ದೋ ಅಂದ್ಕೋತಾಳೆ, ಒಂದೇ ಒಂದ್ಸಲ ಗೊತ್ತಾಗ್ಲಿ, ಅಯ್ಯೋ ಇದು ನಮ್ಮಕ್ಕ ಅಂತ ಅಂದ್ಕೊಳ್ಳಲಿ ಅಂತ, ಅಷ್ಟೇ, ನಿನ್ನ ಕೆಲಸಕ್ಕೆ ತೊಂದ್ರೆ ಆಗತ್ತೆ ಅಂತ ನಂಗೆ ಹೊಳೀಲೇ ಇಲ್ವೇ, ಹೊಳೆದಿದ್ರೆ ಮಾಡ್ತಿದ್ನಾ. ನಕ್ಕೆ ಕಣೇ ಅಂದೆ ನಾನು, ಆ ಟ್ಯೂಬ್ ನೋಡಿ ನಕ್ಕೆ, ಸಿಕ್ಕಿಬಿದ್ಯಾ ಕಳ್ಳಿ ಅಂದೆ ಅಕ್ಕ. ಅಂದ್ಯಾ. ಅಂದೆ. ಸಾಕು ಬಿಡು ಅಂದಳು, ಮೂಗು ಎಳೆದುಕೊಂಡ ಸದ್ದು, ಹಿಂದೆ ಎಲ್ಲೋ ಭಾವನ ಶಿಳ್ಳೆ, ಇನ್ಮೇಲೆ ಖಾಲಿ ಹೊಟ್ಟೇಲೇ ಹೋಗ್ತೀನಿ, ಆಣೆ. ಅಷ್ಟು ಬೆಳ್ಳಗಾಗೋಕೆ ಏನೇ ತಿಂದೆ ನೀನು ಎಂದು ಕೇಳಿದೆ. ಬೆಣ್ಣೆ ಅಂದಳು, ಇಡೀ ಪ್ಯಾಕೆಟ್ಟು. ಬೆಣ್ಣೆ, ಅಕ್ಕ, ಬೆಣ್ಣೆಯ ವಾಸನೆಗೇ ತಲೆ ತಿರುಗುವವಳು, ಚಿಕ್ಕವಳಿದ್ದಾಗ ತನ್ನ ರೊಟ್ಟಿಯ ಮೇಲಿನದನ್ನು ಅಮ್ಮ ನೋಡದ ಹಾಗೆ ಗೀರಿ ನನ್ನ ರೊಟ್ಟಿಗೆ ಸವರುತ್ತಿದ್ದವಳು. ಮನೇಲಿ ತಿಂದ್ರೆ ನಿಮ್ಮ ಭಾವ ಬಿಡ್ತಿರ್ಲಿಲ್ಲ, ಆರು ಗಂಟೆಗೇ ಹೋಗಿ ಆಸ್ಪತ್ರೆ ಎದುರಿನ ಬಸ್ ಸ್ಟಾಪಲ್ಲಿ ಕೂತು ತಿಂದೆ, ನಮ್ಮ ಡಿಪೋ ಗಾಡಿಗಳು ಎರಡು ಹಾರ್ನ್ ಮಾಡಿ ಹೋದ್ವು, ವಾಂತಿ ಬರ್ತಿತ್ತು, ತಡ್ಕೊಂಡೆ, ಸರಿ ಇಡ್ಲಾ, ಭಾವ ಕರೀತಿದ್ದಾರೆ. ಇಟ್ಟಳು. ಒಳಗಿನಿಂದ ನೊಣದಮ್ಮ ಕೂಗುತ್ತಿದ್ದಾರೆ, ಏಳನೇ ಜೋಡಿ ಬಿಡಿಸ್ಕೊಳ್ತು, ಹದಿನೆಂಟು ನಿಮಿಷ, ಬರ್ಕೋತೀರಾ ನಾನೇ ಬರೀಲಾ, ಬರೆಯಿರಿ ಎನ್ನಬೇಕು, ಎನ್ನುತ್ತೇನೆ, ಈಗ ಎನ್ನುತ್ತೇನೆ — ಬೆಂಚು, ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ, ಶಾಲು ಹೊದ್ದು ಅಕ್ಕ ಕೂತಿದ್ದಾಳೆ, ಮಡಿಲಲ್ಲಿ ಬಿಚ್ಚಿದ ಬೆಣ್ಣೆಯ ಕಾಗದ, ಕೈಯಲ್ಲಿ ಮನೆಯಿಂದ ತಂದ ಚಮಚ, ಕಣ್ಣು ಮುಚ್ಚಿ ಒಂದು ಚಮಚ, ನುಂಗುತ್ತಾಳೆ, ಬಸ್ಸು ಹಾರ್ನ್ ಮಾಡುತ್ತದೆ, ಚಮಚ ಹಿಡಿದ ಕೈಯನ್ನೇ ಎತ್ತಿ ಬೀಸುತ್ತಾಳೆ, ಕಣ್ಣು ಮುಚ್ಚಿ ಇನ್ನೊಂದು ಚಮಚ, ನುಂಗುತ್ತಾಳೆ, ಕಣ್ಣು ಮುಚ್ಚಿ ಇನ್ನೊಂದು —